ವರದಾ ದಂಡೆಯ ಗಾಳದ ಕ್ಲಬ್: ಹಲವು ಬೇಸಿಗೆಗಳ ಬಳಕೆಯ ನಂತರ

ಹಾವೇರಿ ಮತ್ತು ಹಾನಗಲ್ಲಿನ ನಡುವೆ ಎರಡು ಕೆರೆಗಳನ್ನೂ ವರದಾ ನದಿಯ ಒಂದು ಭಾಗವನ್ನೂ ನೋಡಿಕೊಳ್ಳುತ್ತಿರುವ ಗಾಳದ ಕ್ಲಬ್ಬೊಂದಕ್ಕೆ ನಾನು 2019ರ ನೆರೆ ಇಳಿದ ಮೇಲೆ ಸದಸ್ಯನಾದೆ. ಮಳೆಗಾಲದ ಕೊನೆಯಿಂದ ಸಂಕ್ರಾಂತಿಯವರೆಗೆ ಇಲ್ಲಿ ಮೀನು ಹಿಡಿಯುವವರಿಗೆ ಹೇಳಿಕೊಡಬೇಕಾದದ್ದು ಹೆಚ್ಚೇನಿಲ್ಲ. ಕೆರೆ ತುಂಬಿರುತ್ತದೆ, ಹೊಳೆ ಹರಿಯುತ್ತಿರುತ್ತದೆ, ತಾಳ್ಮೆಯಿದ್ದವನಿಗೆ ಮೀನು ಸಿಗುತ್ತದೆ. ಸದಸ್ಯತ್ವಕ್ಕೆ ಕೊಟ್ಟ ಹಣ ಸಾರ್ಥಕವೋ ಅಲ್ಲವೋ ಎಂಬುದು ಗೊತ್ತಾಗುವುದು ಶಿವರಾತ್ರಿ ಕಳೆದ ಮೇಲೆ, ಮಿರಗದ (ಮೃಗಶಿರ) ಮಳೆ ಬೀಳುವ ತನಕದ ದಿನಗಳಲ್ಲಿ. ಆದ್ದರಿಂದ ಬೇಸಿಗೆಯ ಅನುಭವವನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಕ್ಲಬ್ಬಿನ ಬಗ್ಗೆ ನನಗಿರುವ ಮೆಚ್ಚುಗೆಗೆ ಮುಖ್ಯ ಕಾರಣ ದೊಡ್ಡ ಕೆರೆಯ ಏರಿಯ ಮೇಲೆ ನೆಟ್ಟಿರುವ ಕರಿಹಲಗೆ. ಬೇಸಿಗೆ ಶುರುವಾದ ಮೇಲೆ ಪ್ರತಿದಿನ ಬೆಳಗಿನ ಜಾವ ಕೆರೆ ಕಾಯುವ ಕಾಕಾ ಅಳತೆಯ ಉಪಕರಣವನ್ನು ನೀರಿಗೆ ಇಳಿಬಿಟ್ಟು, ನೀರಿನ ಉಷ್ಣಾಂಶ, ಕರಗಿದ ಆಮ್ಲಜನಕ ಮತ್ತು ತೂಬಿನ ಬಳಿಯ ನೀರಿನ ಮಟ್ಟ ಈ ಮೂರನ್ನು ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಅದರ ಕೆಳಗೆ ಅಂದು ಗಾಳ ಹಾಕಬಹುದೇ, ಹಾಕುವುದಾದರೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬ ಸೂಚನೆ ಇರುತ್ತದೆ. ಹಲಗೆಯ ಫೋಟೊ ಸದಸ್ಯರ ವಾಟ್ಸ್ಆ್ಯಪ್ ಗುಂಪಿಗೂ ಬರುವುದರಿಂದ ಹುಬ್ಬಳ್ಳಿಯಿಂದ ಹೊರಡುವವರು ಮನೆಯಲ್ಲಿದ್ದೇ ನಿರ್ಧಾರ ಮಾಡಬಹುದು. ಬೇರೆ ಕಡೆಯ ಖಾಸಗಿ ಹೊಂಡಗಳಲ್ಲಿ ದುಡ್ಡು ಕೊಟ್ಟರೆ ಸುಡುಬಿಸಿಲಿನಲ್ಲೂ ಕೂರಿಸುತ್ತಾರೆ, ಮೀನು ಸತ್ತು ತೇಲಿದರೂ ಕೇಳುವವರಿಲ್ಲ. ಇಲ್ಲಿ ನೀರು ಬೇಡ ಎಂದ ದಿನ ಅಧ್ಯಕ್ಷರಿಗೂ ಗಾಳ ಹಾಕಲು ಅವಕಾಶವಿಲ್ಲ.

ಈ ಪದ್ಧತಿಯ ಮೂಲ ಟ್ರೌಟ್ ಮೀನಿನ ಕ್ಲಬ್ಬುಗಳಲ್ಲಿದೆ. ಕಾಶ್ಮೀರ, ಹಿಮಾಚಲದ ಕುಲ್ಲು ಕಣಿವೆ, ನೀಲಗಿರಿ ಮುಂತಾದ ತಂಪು ನೀರಿನ ನೆಲೆಗಳಲ್ಲಿ ಬದುಕುವ ಟ್ರೌಟ್ ಹತ್ತರಿಂದ ಹದಿನೆಂಟು ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಖವಾಗಿರುತ್ತದೆ; ಇಪ್ಪತ್ತು ದಾಟಿದರೆ ಬಳಲುತ್ತದೆ, ಇಪ್ಪತ್ತೈದರ ಆಸುಪಾಸಿನಲ್ಲಿ ಅದರ ಜೀವಕ್ಕೇ ಅಪಾಯ. ಹೀಗಾಗಿ ಟ್ರೌಟ್ ಹಿಡಿಯುವ ಜವಾಬ್ದಾರಿಯುತ ಕ್ಲಬ್ಬುಗಳು ಬೇಸಿಗೆಯಲ್ಲಿ ಥರ್ಮಾಮೀಟರ್ ನೋಡಿ ನೀರನ್ನು ಮುಚ್ಚುತ್ತವೆ. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಟ್ರೌಟ್ ಬದುಕಲಾರದು, ಅದನ್ನು ತಂದು ಬಿಡುವ ಯೋಚನೆಯೂ ಸಲ್ಲದು. ಇಲ್ಲಿರುವುದು ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮತ್ತು ಕೊರವ. ಕಾಟ್ಲಾ, ರೋಹುಗಳಿಗೆ ಮೂವತ್ತು ಡಿಗ್ರಿ ನೀರು ಸಹಜವಾದದ್ದು, ಅಷ್ಟು ಬೆಚ್ಚಗಿದ್ದರೇ ಅವು ಚೆನ್ನಾಗಿ ಮೇಯುತ್ತವೆ. ಅಂದಮೇಲೆ ನಮ್ಮಲ್ಲಿ ಥರ್ಮಾಮೀಟರ್ ಒಂದನ್ನೇ ನಂಬಿ ಪ್ರಯೋಜನವಿಲ್ಲ. ಕ್ಲಬ್ಬಿನವರು ಇದನ್ನು ಅರ್ಥ ಮಾಡಿಕೊಂಡು ಆಮ್ಲಜನಕದ ಅಳತೆಯನ್ನು ಮುಂದೆ ತಂದದ್ದು ನನಗೆ ಬಹಳ ಮುಖ್ಯವೆನಿಸುತ್ತದೆ.

ಕಾರಣವನ್ನು ಸ್ವಲ್ಪ ವಿವರಿಸಬೇಕು. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತದೆ. ಹದಿನೈದು ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 10 ಮಿಲಿಗ್ರಾಂ ಕರಗುವುದಾದರೆ ಮೂವತ್ತು ಡಿಗ್ರಿಯಲ್ಲಿ ಏಳೂವರೆಯಷ್ಟು ಮಾತ್ರ ಕರಗಬಲ್ಲದು. ಇದರ ಮೇಲೆ ಬೇಸಿಗೆಯ ಕೆರೆಯಲ್ಲಿ ಪಾಚಿ ಹೆಚ್ಚು. ಹಗಲು ಬಿಸಿಲಿರುವಾಗ ಆ ಪಾಚಿಯೇ ಆಮ್ಲಜನಕವನ್ನು ಕೊಡುತ್ತದೆ, ರಾತ್ರಿಯಿಡೀ ಅದೇ ಪಾಚಿ, ಮೀನು, ತಳದ ಕೊಳೆತ ಹೂಳು ಎಲ್ಲವೂ ಸೇರಿ ಅದನ್ನು ತೆಗೆದುಕೊಳ್ಳುತ್ತವೆ. ಹೀಗೆ ಕೆರೆಯಲ್ಲಿ ಆಮ್ಲಜನಕ ಅತಿ ಕಡಿಮೆ ಇರುವ ಹೊತ್ತು ಸೂರ್ಯೋದಯಕ್ಕೆ ತುಸು ಮೊದಲು. ಕಾಟ್ಲಾ, ರೋಹುವಿನಂಥ ಗೆಂಡೆ ಜಾತಿಯ ಮೀನುಗಳಿಗೆ ಲೀಟರಿಗೆ 5 ಮಿಲಿಗ್ರಾಂಗಿಂತ ಮೇಲಿದ್ದರೆ ನೆಮ್ಮದಿ, 3ಕ್ಕಿಂತ ಕೆಳಗಿಳಿದರೆ ಉಣ್ಣುವುದನ್ನೇ ಬಿಡುತ್ತವೆ. ತಂಪುಹೊತ್ತಿನಲ್ಲೇ ಮೀನು ಚೆನ್ನಾಗಿ ಸಿಗುತ್ತದೆ ಎಂದು ನಸುಕಿಗೇ ಬಂದು ಕೂರುವ ಹೊಸ ಸದಸ್ಯರು ಏಪ್ರಿಲಿನಲ್ಲಿ ನಿರಾಶರಾಗುವುದು ಇದೇ ಕಾರಣದಿಂದ. ಹರಿಯುವ ಹೊಳೆಗೆ ನಸುಕು ಸರಿ. ಪಾಚಿಗಟ್ಟಿದ ಕೆರೆಗೆ ಸೂರ್ಯ ಹುಟ್ಟಿ ಎರಡು ತಾಸು ಕಳೆಯಬೇಕು.

ಒಮ್ಮೆ ಮೇ ತಿಂಗಳಲ್ಲಿ, ಹಿಂದಿನ ದಿನವಿಡೀ ಮೋಡ ಕವಿದಿದ್ದ ಬೆಳಗ್ಗೆ, ನಾನು ಏರಿ ಹತ್ತುವಷ್ಟರಲ್ಲಿ ಕಾಕಾ ಎದುರಿಗೆ ಬಂದು, "ಸಾಹೇಬ್ರ, ಇವತ್ತ ಕೋಲ ಬಿಚ್ಚಬ್ಯಾಡ್ರಿ, ಮೀನ ಉಸರ ತಗೊಳ್ಳಾಕ ಮ್ಯಾಲ ಬಂದಾವು" ಎಂದರು. ತೂಬಿನ ಪಕ್ಕದಲ್ಲಿ ದೊಡ್ಡ ಕಾಟ್ಲಾಗಳು ಸಾಲುಗಟ್ಟಿ ನಿಂತಿದ್ದವು. ಬಾಯಿಗಳು ನೀರಿನ ಮಟ್ಟಕ್ಕೆ ಸರಿಯಾಗಿ ತೆರೆದು ಮುಚ್ಚುತ್ತಿದ್ದವು, ಕಿವಿರಿನ ಮುಚ್ಚಳಗಳು ಅವಸರದಿಂದ ಆಡುತ್ತಿದ್ದವು, ನೆರಳು ಬಿದ್ದರೂ ಒಂದೂ ಕದಲಲಿಲ್ಲ. ಹಲಗೆಯ ಮೇಲೆ ಆಮ್ಲಜನಕ 2.4 ಎಂದಿತ್ತು. ಕ್ಲಬ್ಬಿನವರು ಡೀಸೆಲ್ ಪಂಪಿನಿಂದ ನೀರನ್ನು ಮೇಲಕ್ಕೆತ್ತಿ ಕಾರಂಜಿಯಂತೆ ಮತ್ತೆ ಕೆರೆಗೇ ಬೀಳಿಸುತ್ತಿದ್ದರು. ಮೇಲಿನಿಂದ ಬಿದ್ದ ನೀರು ಗಾಳಿಯನ್ನು ತನ್ನೊಡನೆ ಒಳಗೊಯ್ಯುತ್ತದೆ, ಆ ಮೂಲೆಯಲ್ಲಿ ಮೀನಿಗೆ ಸ್ವಲ್ಪ ಉಸಿರು ಸಿಗುತ್ತದೆ. ಕೆರೆಯನ್ನು ನಾಲ್ಕು ದಿನ ಮುಚ್ಚಿದರು. ಅಂದು ದೂರದಿಂದ ಬಂದವರಲ್ಲಿ ಕೆಲವರಿಗೆ ಬೇಸರವಾಯಿತು, ನನಗೆ ಮಾತ್ರ ಈ ಕ್ಲಬ್ಬನ್ನು ಬಿಡಬಾರದೆಂದು ಅನ್ನಿಸಿದ್ದು ಆಗಲೇ.

ದೊಡ್ಡ ಕೆರೆಯಲ್ಲಿ ಬೇಸಿಗೆಯ ಮೀನುಗಾರಿಕೆ ನಿಜಕ್ಕೂ ಚೆನ್ನಾಗಿದೆ. ತೂಬಿನ ಮುಂದಿನ ಆಳದಲ್ಲಿ ಹೂಳು ತೆಗೆಸಿರುವುದರಿಂದ ಅಲ್ಲಿ ಮೇ ತಿಂಗಳಲ್ಲೂ ಎರಡಾಳು ನೀರು ಉಳಿಯುತ್ತದೆ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಗೆಂಡೆ ತಳದಲ್ಲಿ ಮೇಯುವ ಮೀನುಗಳು. ನೀರು ಕಡಿಮೆಯಾದಂತೆ ಈ ಪದರಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ಆಗ ಬೆಂಡಿನಿಂದ ಗಾಳದವರೆಗಿನ ದಾರದ ಉದ್ದವನ್ನು ಗೇಣು ಗೇಣಾಗಿ ಬದಲಿಸಿ ನೋಡಬೇಕಾಗುತ್ತದೆ. ಶೇಂಗಾ ಹಿಂಡಿಯನ್ನು ನೆನೆಸಿ ಗೋವಿನಜೋಳದ ಹಿಟ್ಟಿನೊಡನೆ ಕಲೆಸಿದ ಉಂಡೆ ರೋಹುವಿಗೆ ಸಾಕು. ಬೇಸಿಗೆಯಲ್ಲಿ ಅದನ್ನು ತೀರ ಕಡಿಮೆ ಬಳಸಬೇಕೆಂಬುದು ಕ್ಲಬ್ಬಿನ ನಿಯಮ. ಮೀನು ತಿನ್ನದೆ ಉಳಿದ ಹಿಂಡಿ ತಳದಲ್ಲಿ ಕೊಳೆತು, ಇರುವ ಆಮ್ಲಜನಕವನ್ನೂ ಕಸಿಯುತ್ತದೆ. ಒಬ್ಬರಿಗೆ ದಿನಕ್ಕೆ ಒಂದು ಸಣ್ಣ ಡಬ್ಬಿಯಷ್ಟೇ ಮಿತಿ, ಕಾಕಾ ಡಬ್ಬಿಯನ್ನು ತೆರೆಸಿ ನೋಡುತ್ತಾರೆ. ಈ ನಿಯಮ ಎಲ್ಲ ಕ್ಲಬ್ಬುಗಳಲ್ಲೂ ಬರಬೇಕು.

ಸಣ್ಣ ಕೆರೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಲ್ಲ. ಅದು ತಟ್ಟೆಯಂತೆ ಹರಡಿರುವ ಆಳವಿಲ್ಲದ ಕೆರೆ, ಏಪ್ರಿಲ್ ನಡುವಿನ ಹೊತ್ತಿಗೆ ಅರ್ಧ ಬಯಲಾಗಿ ದಂಡೆಯ ಜಾಲಿ ಮರಗಳಿಂದ ನೀರಿಗೆ ಮೊಣಕಾಲುದ್ದದ ಕೆಸರು ಉಳಿಯುತ್ತದೆ. ಅಲ್ಲಿ ಆಗ ಗಾಳಕ್ಕೆ ಬರುವುದು ಕೊರವ ಮಾತ್ರ. ಕೊರವ ನೀರಿನ ಮೇಲೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲ ಮೀನಾದ್ದರಿಂದ ಆಮ್ಲಜನಕವಿಲ್ಲದ ನೀರಿನಲ್ಲೂ ಚುರುಕಾಗಿರುತ್ತದೆ, ರಬ್ಬರಿನ ಕಪ್ಪೆಯನ್ನು ಕಂಡರೆ ಎರಗುತ್ತದೆ. ಆದರೆ ಮಳೆ ಶುರುವಾಗುವ ಕಾಲಕ್ಕೆ ಅದು ಮರಿ ಮಾಡುತ್ತದೆ. ಕೆಂಪನೆಯ ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಆಡುತ್ತಿದ್ದರೆ ತಂದೆತಾಯಿಗಳು ಅದರ ಕೆಳಗೇ ಕಾವಲಿರುತ್ತವೆ. ಹತ್ತಿರ ಬಂದದ್ದೆಲ್ಲವನ್ನೂ ಅವು ಕಚ್ಚುವುದರಿಂದ ಹಿಡಿಯುವುದು ಬಹಳ ಸುಲಭ, ಹಿಡಿದರೆ ಮರಿಗಳಷ್ಟೂ ಬೇರೆ ಮೀನುಗಳ ಪಾಲು. ಕ್ಲಬ್ಬಿನಲ್ಲಿ ಈ ಬಗ್ಗೆ ಬಾಯಿಮಾತಿನ ಸೂಚನೆ ಇದೆಯೇ ಹೊರತು ಲಿಖಿತ ನಿಷೇಧವಿಲ್ಲ. ಅದನ್ನು ಬರೆದು ಹಲಗೆಗೆ ಹಾಕಬೇಕೆಂದು ನಾನು ಸಭೆಯಲ್ಲಿ ಕೇಳಿದ್ದೇನೆ, ಇನ್ನೂ ಆಗಿಲ್ಲ.

ಇನ್ನು ಹೊಳೆ. ವರದೆ ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿಕೊಂಡು ಬಂದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವ ನದಿ. ಮಳೆಯ ನೀರನ್ನೇ ನಂಬಿರುವ ಇದಕ್ಕೆ ಬೇಸಿಗೆಯಲ್ಲಿ ಹರಿವು ನಿಲ್ಲುತ್ತದೆ, ಬ್ಯಾರೇಜಿನ ಹಿಂದೆ ತಡೆದ ನೀರು ಮತ್ತು ಅಲ್ಲಲ್ಲಿ ಉಳಿದ ಮಡುಗಳಷ್ಟೇ ಮೀನಿಗೆ ಆಸರೆ. ದಂಡೆಯ ಹೊಲಗಳ ಪಂಪ್‌ಸೆಟ್ಟುಗಳು ಅದೇ ಮಡುಗಳಿಂದ ನೀರೆತ್ತುತ್ತವೆ. ಬೆಳೆ ಒಣಗುವಾಗ ರೈತರು ನೀರೆತ್ತುವುದನ್ನು ತಪ್ಪೆನ್ನಲು ಯಾರಿಗೂ ಅಧಿಕಾರವಿಲ್ಲ, ಆದರೆ ಕ್ಲಬ್ಬು ತನ್ನ ಸದಸ್ಯರಿಗೆ ಆ ಸ್ಥಿತಿಯನ್ನು ಮೊದಲೇ ತಿಳಿಸಬೇಕು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದ ವರ್ಷದ ಮುಂದಿನ ಬೇಸಿಗೆಯಲ್ಲಿ, ನಮ್ಮ ಭಾಗದ ಮಡುಗಳು ಮಾರ್ಚಿನಲ್ಲೇ ತಳ ಕಂಡವು. ಆ ಹೊತ್ತಿನಲ್ಲೂ ಕ್ಲಬ್ಬು ನದಿಯಲ್ಲಿ ಗಾಳ ಹಾಕುವ ಚೀಟಿಗೆ ಪ್ರತ್ಯೇಕ ಹಣ ಪಡೆಯಿತು, ನದಿಯನ್ನು ಮುಚ್ಚಿದ ಮೇಲೆ ಅದನ್ನು ಹಿಂದಿರುಗಿಸಲಿಲ್ಲ. ನಾನು ಮತ್ತು ಇನ್ನೂ ಕೆಲವರು ಪತ್ರ ಬರೆದ ನಂತರ ಮುಂದಿನ ವರ್ಷದ ಚಂದಾದಲ್ಲಿ ಕಡಿತ ಕೊಟ್ಟರು. ಕೊಟ್ಟದ್ದು ಸರಿ, ಕೇಳಿಸಿಕೊಂಡು ಕೊಡಬಾರದಿತ್ತು.

ನೀರಿರುವ ವರ್ಷಗಳಲ್ಲಿ ಬ್ಯಾರೇಜಿನ ಹಿನ್ನೀರು ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಬಹಳ ಹಿತವಾದ ಜಾಗ. ನಸುಕಿನಲ್ಲಿ ಎರೆಹುಳು ಹಾಕಿ ತಳಕ್ಕೆ ಬಿಟ್ಟರೆ ಒಳ್ಳೆಯ ಮೃಗಾಲ್ ಬರುತ್ತದೆ. ಮರಳು ತೆಗೆದ ಗುಂಡಿಗಳು ಮಾತ್ರ ಅಪಾಯಕಾರಿ. ಮೊಣಕಾಲು ನೀರಿನಲ್ಲಿ ನಿಂತವನು ಮುಂದಿನ ಹೆಜ್ಜೆಗೆ ಮುಳುಗಬಹುದು. ಕ್ಲಬ್ಬಿನವರು ಅಂಥ ಕಡೆ ಬಿದಿರಿನ ಕೋಲಿಗೆ ಕೆಂಪು ಬಟ್ಟೆ ಕಟ್ಟಿದ್ದಾರೆ, ನೆರೆಗೆ ಅವು ಕೊಚ್ಚಿಹೋದ ಮೇಲೆ ಹೊಸದನ್ನು ನೆಡಲು ಪ್ರತಿವರ್ಷ ತಡ ಮಾಡುತ್ತಾರೆ. ಮುಂಗಾರಿನ ಮೊದಲ ಕೆನ್ನೀರು ಬಂದೊಡನೆ ನದಿಯನ್ನು ಪೂರ್ತಿ ಮುಚ್ಚುವ ನಿಯಮವನ್ನು ಮಾತ್ರ ಚಾಚೂತಪ್ಪದೆ ಪಾಲಿಸುತ್ತಾರೆ. ರೋಹು, ಕಾಟ್ಲಾಗಳು ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ, ನೆರೆ ಏರುವ ಹೊಳೆಯಲ್ಲಿ ಮಾಡುತ್ತವೆ. ಕೆರೆಗಳಿಗೆ ಪ್ರತಿವರ್ಷ ಬಿತ್ತನೆ ಮರಿ ತಂದು ಬಿಡಬೇಕಾಗಿರುವುದೂ ಇದರಿಂದಲೇ.

ಅಡ್ಡಮಳೆಯ ದಿನಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಕೋಲು ಮಡಚಿ ಏರಿಯಿಂದ ಇಳಿಯಬೇಕು. ಇಂದಿನ ಕೋಲುಗಳಲ್ಲಿ ಬಹುಪಾಲು ಕಾರ್ಬನ್ ನಾರಿನವು, ಅವುಗಳಲ್ಲಿ ವಿದ್ಯುತ್ ಹರಿಯುತ್ತದೆ. ಬಯಲಿನಲ್ಲಿ ಅದನ್ನೆತ್ತಿ ನಿಂತವನು ಸಿಡಿಲನ್ನು ಕರೆದಂತೆ. ಅದೇ ಕಾರಣಕ್ಕೆ ದೊಡ್ಡ ಕೆರೆಯ ಪಶ್ಚಿಮ ಮೂಲೆಯಲ್ಲಿ ತಲೆಯ ಮೇಲೆ ಹಾದುಹೋಗುವ ವಿದ್ಯುತ್ ತಂತಿಯ ಕೆಳಗೆ ಕೂರುವುದನ್ನು ನಿಷೇಧಿಸಿದ್ದಾರೆ. ಜೋರು ಮಳೆಯ ಮರುದಿನ ಮೀನು ಚೆನ್ನಾಗಿ ಸಿಗುತ್ತದೆಂಬ ನಂಬಿಕೆ ಹೊಳೆಯ ಮಟ್ಟಿಗೆ ಸರಿಯಿರಬಹುದು. ಕೆರೆಯಲ್ಲಿ ತಂಪಾದ ಮಳೆನೀರು ಕೆಳಗಿಳಿದು ತಳದ ಉಸಿರುಗಟ್ಟಿದ ನೀರನ್ನು ಮೇಲೆಬ್ಬಿಸುವುದರಿಂದ ಅಂಥ ಬೆಳಗ್ಗೆ ಮೀನು ಸಾಯುವುದೇ ಹೆಚ್ಚು. ಹಲಗೆ ನೋಡದೆ ಹೊರಡಬಾರದ ದಿನಗಳಿವು.

ಹಿಡಿದ ಮೀನನ್ನು ಬೇಸಿಗೆಯಲ್ಲಿ ಹೇಗೆ ಬಿಡಬೇಕೆಂಬುದನ್ನು ಇಲ್ಲಿ ಶ್ರದ್ಧೆಯಿಂದ ಕಲಿಸುತ್ತಾರೆ. ಹಿಮ್ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿದ ಗಾಳ, ಗಂಟಿಲ್ಲದ ಕೈಬಲೆ, ಒದ್ದೆ ಮಾಡಿದ ಕೈ ಈ ಮೂರು ಕಡ್ಡಾಯ. ತೆಳು ದಾರದಲ್ಲಿ ಬಹಳ ಹೊತ್ತು ಆಡಿಸಿದ ಮೀನು ಈಜಿಕೊಂಡು ಹೋದರೂ ದಣಿವಿನಿಂದ ಆಮೇಲೆ ಸಾಯಬಹುದು, ಆದ್ದರಿಂದ ಬೇಸಿಗೆಗೆ ದಪ್ಪ ದಾರ ಬಳಸಿ ಬೇಗ ದಡಕ್ಕೆ ತರಬೇಕು. ಮನೆಗೆ ಒಯ್ಯಲು ಇಷ್ಟಪಡುವವರಿಗೆ ತೂಕದ ಮಿತಿಯೊಳಗೆ ಒಂದು ಮೀನಿಗೆ ಅವಕಾಶವಿದೆ. ನೆರಳು, ಕುಡಿಯುವ ನೀರು, ಶೌಚಾಲಯ ದೊಡ್ಡ ಕೆರೆಯಲ್ಲಿ ಮಾತ್ರ ಇವೆ.

ವಾರ್ಷಿಕ ಚಂದಾ ಒಂದು ಮಧ್ಯಮ ದರ್ಜೆಯ ರೀಲಿನ ಬೆಲೆಗಿಂತ ಹೆಚ್ಚಿಲ್ಲ, ಕೆರೆಗಳ ಮಟ್ಟಿಗೆ ಅದು ನ್ಯಾಯವಾದ ದರ. ನದಿಯ ಚೀಟಿಯನ್ನು ಹೊಸಬರು ಜನವರಿಯಲ್ಲಿ ಕೊಳ್ಳದೆ, ಫೆಬ್ರುವರಿಯಲ್ಲಿ ಬ್ಯಾರೇಜಿನ ನೀರಿನ ಮಟ್ಟವನ್ನು ಕಣ್ಣಾರೆ ಕಂಡ ಮೇಲೆ ಕೊಳ್ಳುವುದು ಒಳ್ಳೆಯದು. ನಾನು ಈ ಸಲವೂ ಸದಸ್ಯತ್ವವನ್ನು ನವೀಕರಿಸಿದ್ದೇನೆ, ಅರ್ಜಿಯ ಜೊತೆಗೆ ನದಿಯ ಮಡುವಿಗೂ ಒಂದು ಅಳತೆಯ ಹಲಗೆ ಬೇಕೆಂಬ ಬೇಡಿಕೆಯನ್ನು ಬರೆದು ಕೊಟ್ಟಿದ್ದೇನೆ.