ನನ್ನ ಪುಸ್ತಕಕ್ಕೆ ನಾನೇ ಗಿರಾಕಿಯಾದೆ

ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿಸಬೇಕೆಂದು ದುಡ್ಡು ಕೂಡಿಡುತ್ತಿರುವವರು ಇದನ್ನು ಓದಿ, ಆಮೇಲೆ ಗೂಗಲ್ ಪೇ ತೆಗೆಯಿರಿ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಹಾಸನದಲ್ಲಿ ಕಥೆ ಗೀಚುವ ನಮ್ಮಂಥವರಿಗೆಲ್ಲ ಸಣ್ಣಗೆ ಜ್ವರ ಹತ್ತಿತ್ತು. ನನ್ನ ಹನ್ನೊಂದು ಕಥೆಗಳನ್ನು ಇಬ್ಬರು ಪ್ರಕಾಶಕರಿಗೆ ಕಳಿಸಿದೆ. ಒಬ್ಬರು ಎರಡು ವರ್ಷ ಕಾಯಬೇಕೆಂದರು, ಇನ್ನೊಬ್ಬರು ಏನೂ ಅನ್ನಲಿಲ್ಲ. ಅಷ್ಟರಲ್ಲಿ ಫೇಸ್‌ಬುಕ್ಕಿನಲ್ಲಿ ಜಾಹೀರಾತು: ನಿಮ್ಮ ಪುಸ್ತಕ, ನಿಮ್ಮದೇ ಪ್ರಕಾಶನ, 45 ದಿನದಲ್ಲಿ. ಫೋನ್ ಮಾಡಿದರೆ ಆ ಹುಡುಗ ಎಷ್ಟು ಹೊಗಳಿದನೆಂದರೆ, ಅವನು ಒಂದು ಕಥೆಯನ್ನೂ ಓದಿಲ್ಲ ಅನ್ನೋದು ನನಗೆ ಹೊಳೆಯಲೇ ಇಲ್ಲ. "ಮೇಡಂ, ಲೈಬ್ರರಿಗೇ 300 ಕಾಪಿ ಹೋಗುತ್ತೆ, ನಿಮ್ಮ ದುಡ್ಡು ಅಲ್ಲೇ ವಾಪಸ್." 500 ಪ್ರತಿಗೆ 62,000 ರೂಪಾಯಿ, ಪೂರ್ತಿ ಮುಂಗಡ. (ಮನೆಯವರಿಗೆ ಹೇಳಿದ್ದು 40,000.)

ಗ್ರಂಥಾಲಯ ಇಲಾಖೆಯ ಖರೀದಿಗೆ ಅರ್ಜಿ ಹಾಕಬೇಕು, ಆಯ್ಕೆ ಸಮಿತಿ ನೋಡಬೇಕು. ಯಾರೂ ಮೊದಲೇ ಮಾತು ಕೊಡುವಂಥದ್ದಲ್ಲ ಎಂದು ಆಮೇಲೆ ತಿಳಿಯಿತು.

ಆ ವರ್ಷದ ಹಾಸನಾಂಬೆ ದರ್ಶನ ಶುರುವಾಗಿ, ಗುಡಿ ಬಾಗಿಲು ಮತ್ತೆ ಮುಚ್ಚಿದರೂ ಆ ಕಂಪನಿಯವರು ಫೋನ್ ಎತ್ತಲಿಲ್ಲ. ಐದನೇ ತಿಂಗಳಿಗೆ ಬಸ್ಸಿನ ಪಾರ್ಸೆಲ್ಲಿನಲ್ಲಿ ಒಂದೇ ಒಂದು ಡಬ್ಬ ಬಂತು. 100 ಪ್ರತಿ. ಉಳಿದವು "ಆರ್ಡರ್ ಬಂದ ಹಾಗೆ ಅಚ್ಚಾಗುತ್ತವೆ" ಅಂತೆ. ಹೊಲಿಗೆಯಿಲ್ಲ, ಬರೀ ಅಂಟು. ಪೂರ್ತಿ ಬಿಡಿಸಿದರೆ ಹಾಳೆ ಕೈಗೆ ಬರುತ್ತದೆ. ಅದಾದರೂ ಸಹಿಸಬಹುದಿತ್ತು. ನಾನು ಯೂನಿಕೋಡಿನಲ್ಲಿ ಕೊಟ್ಟದ್ದನ್ನು ಫಾಂಟ್ ಬದಲಾಯಿಸುವಾಗ ಅರ್ಕಾವತ್ತುಗಳೆಲ್ಲ ಚದುರಿಹೋಗಿವೆ. ವರ್ಷ ಹೋಗಿ ವಷರ್, ಸೂರ್ಯ ಹೋಗಿ ಸೂಯರ್. ಕರಡು ತೋರಿಸಿ ಎಂದು ಮೂರು ಸಲ ಕೇಳಿದ್ದೆ. ಕಳಿಸಿದ್ದು ಮುಖಪುಟ ಮಾತ್ರ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆಂದು 3,000 ಬೇರೆ ಕಿತ್ತಿದ್ದರು. ನಮ್ಮ ದೇಶದಲ್ಲಿ ಅದು ಉಚಿತ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಜಾಲತಾಣದಲ್ಲಿ ಲೇಖಕರೇ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬಹುದು. ನನ್ನ ಪುಸ್ತಕದ ಸಂಖ್ಯೆ ಇರುವುದು ಆ ಕಂಪನಿಯವರ ಹೆಸರಿನಲ್ಲಿ.

ಒಪ್ಪಂದವನ್ನು ವಕೀಲನಾಗಿರುವ ಮೈದುನನಿಗೆ ತೋರಿಸಿದೆ. "ಅತ್ತಿಗೆ, ಸಹಿ ಹಾಕೋ ಮುಂಚೆ ಒಂದು ಮಾತು ಕೇಳಬಾರದಿತ್ತಾ?" ಎಂದ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಲೇಖಕರು ಬರಹದಲ್ಲಿ ಸಹಿ ಮಾಡಿಕೊಡದೆ ಹಕ್ಕು ಬೇರೆಯವರ ಪಾಲಾಗುವುದಿಲ್ಲ. ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೇ ಲೆಕ್ಕ. ನಾನು ಸಹಿಯನ್ನೂ ಹಾಕಿದ್ದೆ, ಅವಧಿಯೂ ನಮೂದಾಗಿತ್ತು: ಅನುವಾದ, ಆಡಿಯೊ ಸಮೇತ 10 ವರ್ಷ.

ಹಳೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರಲ್ಲ, ಅದು ಸ್ವಂತ ಪ್ರಕಾಶನ. ನಾನು ಮಾಡಿದ್ದು ಖರೀದಿ. ಈ ಕಂಪನಿಯವರ ಲಾಭ ನಾನು ದುಡ್ಡು ಕಳಿಸಿದ ದಿನವೇ ಕೈಸೇರಿತ್ತು. ಓದುಗರನ್ನು ಹುಡುಕುವ ತಲೆನೋವು ಅವರಿಗ್ಯಾಕೆ? ಇದೇ ಊರಿನ ಪ್ರೆಸ್ಸಿಗೆ ಹೋಗಿ, ಕಾಗದ ಎಷ್ಟು ಜಿಎಸ್ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ), ಹೊಲಿಗೆ ಇದೆಯಾ, ಎಷ್ಟು ಪ್ರತಿ ಎಂದು ಬರೆಸಿಕೊಂಡು, ಕರಡಿನ ಪ್ರತಿ ಪುಟ ಓದಿ, ಅರ್ಧ ದುಡ್ಡು ಕೈಯಲ್ಲೇ ಇಟ್ಟುಕೊಂಡು ಅಚ್ಚು ಹಾಕಿಸಬಹುದಿತ್ತು.

ನೋಟಿಸ್ ಹೋಗಿದೆ, ಉತ್ತರ ಬಂದಿಲ್ಲ. ಈಗ ಯಾರಾದರೂ ಪುಸ್ತಕ ಕೇಳಿದರೆ ಪೆನ್ನು ಹಿಡಿದು ಕೂತು ಅರ್ಕಾವತ್ತುಗಳನ್ನು ತಿದ್ದಿ ಕೊಡುತ್ತೇನೆ. ಒಂದು ಪ್ರತಿಗೆ ಎರಡು ಸಂಜೆ ಬೇಕು. ಮಂಚದ ಕೆಳಗೆ ಇನ್ನೂ 83 ಇವೆ.