16.5 ಎಂಎಂನ ಮೂರು ಹಲ್ಲಿನ ಕೌಂಟರ್‌ಸಿಂಕ್: ಒಂದು ತಿಂಗಳು ಬಳಸಿದ ಮೇಲೆ

ನನ್ನದು ಹುಬ್ಬಳ್ಳಿ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸಣ್ಣ ವರ್ಕ್‌ಶಾಪ್. ಒಂದು ಲೇತ್, ಒಂದು ಹಳೆಯ ಟರೆಟ್ ಮಿಲ್ಲಿಂಗ್ ಮಶೀನ್, ನಾನು, ನಮ್ಮ ಅಕ್ಕನ ಮಗ. ಇಷ್ಟೇ ಸಂಸಾರ. ಹೋದ ತಿಂಗಳು ಬ್ಯಾಡಗಿಯ ಗಿರಾಕಿಯೊಬ್ಬರು ಮೆಣಸಿನಕಾಯಿ ಪುಡಿ ಮಾಡುವ ಮಶೀನಿನ ಒಳಗೆ ಕೂರಿಸುವ ಪ್ಲೇಟ್ ತಂದರು. 12 ಎಂಎಂ ಎಂಎಸ್ (ಮೆದು ಉಕ್ಕು) ಪ್ಲೇಟ್, 24 ತೂತು, ಎಲ್ಲಕ್ಕೂ ಎಂ8 ಅಲೆನ್ ಸಿಎಸ್‌ಕೆ ಬೋಲ್ಟ್, ಅಂದರೆ ಲಾಳಿಕೆಯಂಥ ತಲೆ ಪ್ಲೇಟಿನೊಳಗೇ ಮುಳುಗಿ ಕೂರುವ 8 ಎಂಎಂ ಬೋಲ್ಟ್. "ಬೋಲ್ಟಿನ ತಲಿ ಉಗುರಿಗೂ ತಾಗಬಾರ್ದ್ ನೋಡ್ರಿ, ಪುಡಿ ಅಲ್ಲೇ ಕೂಡ್ತೈತಿ" ಅಂದರು.

ಆ ತಲೆ ಮುಳುಗಲು ತೂತಿನ ಬಾಯಿಯನ್ನು ಲಾಳಿಕೆಯ ಹಾಗೆ ಅಗಲ ಮಾಡುವ ಬಿಟ್ಟೇ ಕೌಂಟರ್‌ಸಿಂಕ್. ಆಗ ನನ್ನ ಹತ್ತಿರ ಇದ್ದದ್ದು ಆರೇಳು ಹಲ್ಲಿನ ಹಳೆಯದು. ಹಾಕಿದ ಕೂಡಲೇ ಮಶೀನ್ ಗುಂಯ್ ಅಂತ ಕೂಗಿತು. ತೂತಿನ ಬಾಯಿ ಸೋಡಾ ಬಾಟಲಿ ಮುಚ್ಚಳದ ಅಂಚಿನ ಹಾಗೆ ಅಲೆ ಅಲೆ. ಹಲ್ಲು ಜಾಸ್ತಿ ಇದ್ದರೆ ಒಂದೊಂದಕ್ಕೂ ಸಿಗುವ ಕಟ್ ತೀರ ತೆಳು. ಕತ್ತರಿಸುವ ಬದಲು ಸುಮ್ನೆ ಉಜ್ಜುತ್ತದೆ, ನಡುಗುತ್ತದೆ.

ಮರುದಿನ ಒಂದು ಅಂಗಡಿಯಿಂದ ಹೊಸದು ತಂದೆ. ಹೆಸರು ಬೇಡ ಬಿಡಿ. ಕಟ್ ನುಣ್ಣಗೆ ಬಂತು, ಬೋಲ್ಟ್ ಮಾತ್ರ ಸರಿಯಾಗಿ ಕೂರಲಿಲ್ಲ. ಬೋಲ್ಟಿನ ತಲೆಯ ಕೆಳಗೆ ಬ್ಲೂ (ಎಲ್ಲಿ ತಾಗುತ್ತದೆ ಅಂತ ತೋರಿಸುವ ನೀಲಿ ಬಣ್ಣ) ಸವರಿ ಬಿಗಿದು ಬಿಚ್ಚಿ ನೋಡಿದೆ. ತೂತಿನ ಮೇಲಂಚಿನಲ್ಲಿ ಕೂದಲೆಳೆಯಷ್ಟು ಒಂದು ನೀಲಿ ಗೆರೆ, ಕೆಳಗೆಲ್ಲ ಲೋಹ ಹಾಗೇ ಬೆಳ್ಳಗೆ. ಬಿಟ್ಟಿನ ಕೋನ ಅಳೆದರೆ 82 ಡಿಗ್ರಿ! ಅದು ಇಂಚಿನ ಸ್ಕ್ರೂಗಳಿಗೆ ಬರುವ ಕೋನ. ನಮ್ಮ ಮೆಟ್ರಿಕ್ ಸಿಎಸ್‌ಕೆ ಬೋಲ್ಟಿಗೆ 90 ಬೇಕು. ವಾಪಸ್ ಕೊಡಲು ಹೋದರೆ "ಬಳಸಿದ್ದೀರಿ" ಅಂದರು. ಆ ದುಡ್ಡು ಹೋಯಿತು.

ಮೂರನೇ ಸಲ ಬೇರೆ ಅಂಗಡಿಗೆ ಹೋದೆ. "ಡಿನ್ 335, ಸಿ ಮಾದರಿ, 16.5, 90 ಡಿಗ್ರಿ" ಅಂತ ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ (ಡಿನ್ ಅಂದರೆ ಜರ್ಮನ್ ಮಾನಕ). ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್), ಮೂರು ಹಲ್ಲು, ಮಶೀನಿಗೆ ಹಿಡಿಸುವ ಕಡ್ಡಿ ಅಂದರೆ ಶ್ಯಾಂಕ್ 10 ಎಂಎಂ. 700ರ ಚಿಲ್ಲರೆ ಬಿತ್ತು. ಈ ರಿವ್ಯೂ ಅದರದ್ದೇ.

ಮೊದಲ ದಿನ ನನಗೂ ನಂಬಿಕೆ ಇರಲಿಲ್ಲ. ಅಕ್ಕನ ಮಗ 9 ಎಂಎಂ ಡ್ರಿಲ್ ಹೊಡೆದ ಸ್ಪೀಡಿನಲ್ಲೇ, ಅಂದರೆ 850 ಆರ್‌ಪಿಎಂನಲ್ಲೇ ಇದನ್ನೂ ಇಳಿಸಿದ. ಮತ್ತೆ ಅದೇ ಗುಂಯ್. "ಮಾಮಾ, ಇದೂ ಹಂಗ ಐತಿ" ಅಂದ. ಬಿಟ್ಟಿನ ತಪ್ಪಲ್ಲ ಅದು. ಸ್ಪೀಡ್ ತಗ್ಗಿಸುವ ಬ್ಯಾಕ್ ಗೇರ್ ಹಾಕಿ 200ಕ್ಕೆ ಇಳಿಸಿದೆ, ಟೇಬಲ್ ಎರಡೂ ಕಡೆ ಲಾಕ್ ಮಾಡಿದೆ, ಎರಡು ಹನಿ ಕಟಿಂಗ್ ಆಯಿಲ್ ಬಿಟ್ಟೆ. ಬಿಟ್ಟನ್ನು ಕೆಳಗಿಳಿಸುವ ಕ್ವಿಲ್ ಹಿಡಿಕೆಯನ್ನು ಹೆದರದೆ, ನಿಲ್ಲಿಸದೆ ಒತ್ತಿದೆ. ಸದ್ದೇ ಇಲ್ಲ! ಮೂರು ಹಲ್ಲಿನಿಂದ ಮೂರು ಸುರುಳಿ ಒಟ್ಟಿಗೇ ಎದ್ದು ಬಂದವು, ತೆಂಗಿನಕಾಯಿ ಹೆರೆದ ಹಾಗೆ. ತೂತಿನ ಗೋಡೆಯಲ್ಲಿ ಟ್ಯೂಬ್‌ಲೈಟ್ ಕಾಣುತ್ತಿತ್ತು.

ಆಳದ ಲೆಕ್ಕ ಬಲು ಸುಲಭ. 90 ಡಿಗ್ರಿಯಲ್ಲಿ 1 ಎಂಎಂ ಇಳಿದರೆ ಬಾಯಿ 2 ಎಂಎಂ ಅಗಲ ಆಗುತ್ತದೆ. ಎಂ8 ಬೋಲ್ಟಿನ ತಲೆ 16. ನಾನು ಬಾಯಿಯನ್ನು 16.4 ಮಾಡಿದೆ, ಆಗ ತಲೆ 0.2 ಒಳಗೆ ಕೂರುತ್ತದೆ. 9ರಿಂದ 16.4ಕ್ಕೆ ಹೋಗಲು 3.7 ಇಳಿಸಬೇಕು. ಬಿಟ್ಟನ್ನು ಕೈಯಲ್ಲಿ ತಿರುಗಿಸುತ್ತ ತೂತಿನ ಅಂಚಿಗೆ ಮುಟ್ಟಿಸಿ, ಅಲ್ಲಿಂದ 3.7ಕ್ಕೆ ಕ್ವಿಲ್ ಸ್ಟಾಪ್ (ಅದಕ್ಕಿಂತ ಕೆಳಗೆ ಇಳಿಯದ ಹಾಗೆ ತಡೆ) ಕಟ್ಟಿದರೆ ಮುಗಿಯಿತು. ಬಿಟ್ ಬದಲಿಸಿದಾಗಲೆಲ್ಲ ಹೀಗೇ ಮುಟ್ಟಿಸಿ ಕಟ್ಟಿದರೆ 24 ತೂತಿಗೂ ಒಂದೇ ಆಳ.

ಸೆಂಟರ್ ಮಾತ್ರ ಕಾಡಿತು. ಡ್ರಿಲ್ಲಿಂಗ್ ಮಶೀನಿನಲ್ಲಿ ವೈಸ್ ಸಡಿಲ ಇದ್ದರೆ ಜಾಬ್ (ಕೆಲಸದ ತುಂಡು) ತಾನೇ ಸರಿದು ಸೆಂಟರಿಗೆ ಬರುತ್ತದೆ. ಮಿಲ್ಲಿಂಗಿನಲ್ಲಿ ಎಲ್ಲ ಲಾಕ್, ಅಲ್ವಾ? ಕೂದಲಷ್ಟು ತಪ್ಪಿದರೂ ತಲೆ ಒಂದು ಕಡೆ ಎದ್ದು ನಿಲ್ಲುತ್ತದೆ. ನನ್ನ ಮಶೀನಿಗೆ ಡಿಆರ್‌ಒ, ಅಂದರೆ ಟೇಬಲ್ ಎಲ್ಲಿದೆ ಅಂತ ಅಂಕಿಯಲ್ಲಿ ತೋರಿಸುವ ಮೀಟರ್ ಇಲ್ಲ. ಅದಕ್ಕೆ ಟೇಬಲ್ ಅಲುಗಿಸದೆ ಡ್ರಿಲ್ ಹೊಡೆದು, ಬಿಟ್ ಬದಲಿಸಿ, ಅಲ್ಲೇ ಕೌಂಟರ್ ಮಾಡಿ, ಆಮೇಲೆ ಮುಂದಿನ ತೂತಿಗೆ ಹೋದೆ. 24 ತೂತಿಗೆ ಪ್ರತಿ ಸಲ ಕಾಲೆಟ್ (ಶ್ಯಾಂಕನ್ನು ಸುತ್ತಲೂ ಬಿಗಿ ಹಿಡಿಯುವ ತೋಳು) ಬಿಚ್ಚುವುದು ಅಂದರೆ ತೋಳು ಸೋತು ಹೋಗುತ್ತದೆ. ಗಿಡ್ಡ ಡ್ರಿಲ್ ಹಾಕಿದ್ದರಿಂದ ಟೇಬಲ್ ಏರಿಸಿ ಇಳಿಸುವ ಕೆಲಸವಾದರೂ ಉಳಿಯಿತು.

ಕೊರತೆ ಇಲ್ಲವೇ? ಇದೆ. ಶ್ಯಾಂಕ್ ಬರೀ ದುಂಡು. ಡ್ರಿಲ್ ಚಕ್ಕಿನಲ್ಲಿ ಹಾಕಿದಾಗ ಎರಡು ಸಲ ಜಾರಿ ಗೀರು ಬಿತ್ತು, ಕಾಲೆಟ್ಟೇ ಬೇಕು. ಬಿಟ್ಟಿನ ಮೇಲೆ ಬರೆದಿದ್ದ ಅಳತೆ ಒಂದು ವಾರಕ್ಕೇ ಅಳಿಸಿ ಹೋಯಿತು. ಮೊಂಡಾದರೆ ಬೆಂಚ್ ಗ್ರೈಂಡರಿನಲ್ಲಿ ಕೈಯಿಂದ ಸಾಣೆ ಹಿಡಿಯಲು ಹೋಗಬೇಡಿ. ಮೂರು ಹಲ್ಲೂ ಸಮ ಬರುವುದಿಲ್ಲ, ಆಮೇಲೆ ಒಂದೇ ಹಲ್ಲು ಕೆಲಸ ಮಾಡುತ್ತದೆ. ಟೂಲ್ ಗ್ರೈಂಡಿಂಗ್ ಮಾಡುವವರಿಗೆ ಕೊಡಿ.

ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ತುಂಡಿನ ಮೇಲೂ ನೋಡಿದೆ. ಸ್ಪೀಡ್ ಇನ್ನೂ ಅರ್ಧ ಮಾಡಿದರೆ ನಡೆಯುತ್ತದೆ. ಆದರೆ ಕೆಳಗೆ ಹೋಗಿ ಒಂದು ಕ್ಷಣ ನಿಂತಿರೋ, ಆ ಜಾಗ ಗಟ್ಟಿಯಾಗಿ ಬಿಟ್ಟಿನ ಅಂಚನ್ನೇ ತಿನ್ನುತ್ತದೆ. ದಿನವೂ ಎಸ್‌ಎಸ್ ಕೆಲಸ ಇರುವವರು ಕೋಬಾಲ್ಟ್ ಬೆರೆತ ಎಚ್‌ಎಸ್‌ಎಸ್ ಬಿಟ್ ತೆಗೆದುಕೊಳ್ಳಿ.

ಬ್ಯಾಡಗಿಯವರು ಬಂದು 24 ಬೋಲ್ಟಿನ ಮೇಲೂ ಉಗುರು ಎಳೆದು ನೋಡಿದರು. ಏನೂ ಹೇಳಲಿಲ್ಲ, ಎಂ10 ಬೋಲ್ಟಿನ ಇನ್ನೊಂದು ಪ್ಲೇಟ್ ಗಾಡಿಯಿಂದ ಇಳಿಸಿದರು. ಅದಕ್ಕೆ 20.5 ಬೇಕು. ಅದೇ ಅಂಗಡಿಗೆ ಹೇಳಿದ್ದೇನೆ, ಸೋಮವಾರ ಬರುತ್ತದಂತೆ.