ಪಾರ್ಶ್ವವಾಯುವಿನ ನಂತರ ಕೈ ಅಳೆಯುವ ಮಣಿಕಟ್ಟಿನ ಪಟ್ಟಿಗಳು: 16 ತಿಂಗಳ ಬಳಕೆಯ ವಿಮರ್ಶೆ

ಇಳಕಲ್ಲಿನಲ್ಲಿ ನಲವತ್ತು ವರ್ಷ ಕುಣಿ ಮಗ್ಗದಲ್ಲಿ ಸೀರೆ ನೇಯ್ದ ನಮ್ಮ ತಂದೆಯವರಿಗೆ 62ನೆಯ ವಯಸ್ಸಿನಲ್ಲಿ ಪಾರ್ಶ್ವವಾಯುವಾಗಿ ಎಡಗೈ ಸ್ವಾಧೀನ ತಪ್ಪಿತು. ನಾಲ್ಕು ತಿಂಗಳ ನಂತರ, ಎರಡೂ ಮಣಿಕಟ್ಟಿಗೆ ಕಟ್ಟುವ ಸಂವೇದಕ ಪಟ್ಟಿಗಳ ಜೋಡಿಯೊಂದನ್ನು ಒಂದು ವರ್ಷದ ಆ್ಯಪ್ ಚಂದಾ ಸೇರಿಸಿ 19,000 ರೂಪಾಯಿಗೆ ಕೊಂಡೆವು. ಅಂದಿನಿಂದ 16 ತಿಂಗಳು ಅವುಗಳನ್ನು ಬಳಸಿದ್ದೇವೆ. ಕೈ ಎಷ್ಟು ಅಲುಗಿತು ಎಂಬುದನ್ನು ಈ ಸಾಧನ ಚೆನ್ನಾಗಿ ಹೇಳುತ್ತದೆ. ಹೇಗೆ ಅಲುಗಿತು ಎಂಬುದನ್ನೂ ಹೇಳುತ್ತೇನೆಂದು ಮಾತು ಕೊಡುತ್ತದೆ, ಆದರೆ ಎಡವುವುದು ಅಲ್ಲಿಯೇ.

ಮೊದಲು ಅದರಿಂದ ಆದ ಉಪಕಾರವನ್ನು ಹೇಳಬೇಕು. ಪಟ್ಟಿಯೊಳಗೆ ಚಲನೆಯನ್ನು ಅಳೆಯುವ ವೇಗೋತ್ಕರ್ಷ ಮಾಪಕ ಮತ್ತು ತಿರುಗುವಿಕೆಯನ್ನು ಅಳೆಯುವ ಜೈರೋಸ್ಕೋಪ್ ಇವೆ; ಅವು ಎರಡೂ ಕೈಗಳ ಚಟುವಟಿಕೆಯ ಅವಧಿಯನ್ನು ದಿನವಿಡೀ ದಾಖಲಿಸಿ, ಎಡಗೈಯ ಪಾಲು ಬಲಗೈಗೆ ಹೋಲಿಸಿದರೆ ಎಷ್ಟೆಂದು ತೋರಿಸುತ್ತವೆ. ಆರೋಗ್ಯವಂತರಲ್ಲಿ ಈ ಅನುಪಾತ ಒಂದಕ್ಕೆ ಸಮೀಪವಿರುತ್ತದೆ. ತಂದೆಯವರದು ಮೊದಲ ವಾರದಲ್ಲಿ 0.22 ಇತ್ತು. ಬೆಳಿಗ್ಗೆ ನಲವತ್ತು ನಿಮಿಷ ನಿಷ್ಠೆಯಿಂದ ವ್ಯಾಯಾಮ ಮಾಡುತ್ತಿದ್ದ ಅವರು ಉಳಿದ ಹೊತ್ತಿನಲ್ಲಿ ಎಡಗೈಯನ್ನು ತೊಡೆಯ ಮೇಲಿಟ್ಟು ಮರೆತೇಬಿಡುತ್ತಿದ್ದರು ಎಂಬುದು ಮನೆಯಲ್ಲೇ ಇದ್ದ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಬಳಸದ ಕೈ ಬಳಕೆಯನ್ನೇ ಮರೆಯುತ್ತದೆ ಎಂದು ಫಿಜಿಯೋಥೆರಪಿಸ್ಟ್ ಹೇಳಿದ್ದ ಮಾತು ಅರ್ಥವಾದದ್ದು ಆ ಗ್ರಾಫ್ ನೋಡಿದ ಮೇಲೆ. ಊಟದ ತಾಟಿನ ಅಂಚು ಹಿಡಿಯುವುದು, ಬಾಗಿಲು ದೂಡುವುದು, ಟವೆಲ್ ಮಡಚುವುದು, ಹೀಗೆ ಸಣ್ಣ ಕೆಲಸಗಳನ್ನು ಎಡಗೈಗೆ ವಹಿಸುತ್ತ ಹೋದೆವು. ಎಂಟು ತಿಂಗಳಲ್ಲಿ ಅನುಪಾತ 0.41ಕ್ಕೆ ಬಂದಿತು. ಈ ಒಂದು ಕಾರಣಕ್ಕೆ ಕೊಟ್ಟ ಹಣದ ಬಗ್ಗೆ ನನಗೆ ಬೇಸರವಿಲ್ಲ.

ಇನ್ನು ಗುಣಮಟ್ಟದ ವಿಷಯ. ಆ್ಯಪ್ ನೂರಕ್ಕೆ ಇಷ್ಟು ಎಂದು ‘ಚಲನೆಯ ನಯ’ದ ಅಂಕವನ್ನು ಕೊಡುತ್ತದೆ. ಇದರ ಹಿಂದಿನ ತತ್ವ ಸರಿಯಾದದ್ದೇ. ಆರೋಗ್ಯವಂತರು ಲೋಟಕ್ಕೆ ಕೈ ಚಾಚಿದಾಗ ವೇಗ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ, ಅದರ ರೇಖೆ ಗಂಟೆಯ ಆಕಾರದಲ್ಲಿರುತ್ತದೆ; ಪಾರ್ಶ್ವವಾಯುವಾದವರಲ್ಲಿ ಅದೇ ಚಲನೆ ತಡೆದು ತಡೆದು ಸಾಗುವುದರಿಂದ ರೇಖೆಯಲ್ಲಿ ಹಲವು ಏರಿಳಿತಗಳು ಕಾಣುತ್ತವೆ. ಏರಿಳಿತ ಕಡಿಮೆಯಾದಂತೆ ಅಂಕ ಹೆಚ್ಚುತ್ತದೆ. ಐದು ತಿಂಗಳಲ್ಲಿ ತಂದೆಯವರ ಅಂಕ 52ರಿಂದ 74ಕ್ಕೆ ಏರಿದಾಗ ಮನೆಯವರೆಲ್ಲ ಹಿಗ್ಗಿದೆವು. ಹುನಗುಂದದ ಮೇಲಿಂದ ಬಾಗಲಕೋಟೆಗೆ ಹೋಗಿ ಥೆರಪಿಸ್ಟರಿಗೆ ಫೋನ್ ತೋರಿಸಿದೆವು. ಅವರು ಅಂಕವನ್ನು ನೋಡಿ, ಏನೂ ಹೇಳದೆ, ತಂದೆಯವರ ಎದೆಯನ್ನು ಅಗಲವಾದ ಬಟ್ಟೆಯಿಂದ ಕುರ್ಚಿಯ ಬೆನ್ನಿಗೆ ಬಿಗಿಯಾಗದಂತೆ ಕಟ್ಟಿ, ಅದೇ ಲೋಟವನ್ನು ಮುಟ್ಟಲು ಹೇಳಿದರು. ಕೈ ಅರ್ಧ ದಾರಿಯಲ್ಲಿ ನಿಂತುಹೋಯಿತು. ಅಂಕ 55ಕ್ಕೆ ಇಳಿಯಿತು.

ತಂದೆಯವರು ಅಷ್ಟು ದಿನ ಮೊಣಕೈ ಬಿಚ್ಚುವುದಕ್ಕೆ ಬದಲಾಗಿ ಸೊಂಟದಿಂದ ಮುಂದಕ್ಕೆ ಬಾಗಿ, ಭುಜವನ್ನು ಮೇಲೆತ್ತಿ ಕೈಯನ್ನು ಲೋಟದವರೆಗೆ ಒಯ್ಯುತ್ತಿದ್ದರು. ಮೈಯೇ ಕೈಯನ್ನು ಹೊತ್ತೊಯ್ದರೆ ಮಣಿಕಟ್ಟಿನ ಹಾದಿ ನಯವಾಗಿಯೇ ಇರುತ್ತದೆ; ಮಣಿಕಟ್ಟಿನಲ್ಲಿ ಕುಳಿತ ಸಂವೇದಕಕ್ಕೆ ಬೆನ್ನು ಕಾಣುವುದಿಲ್ಲ. ಚೇತರಿಕೆ ಬೇರೆ, ಅಡ್ಡದಾರಿಯಿಂದ ಕೆಲಸ ಸಾಧಿಸುವುದು ಬೇರೆ. ಈ ವ್ಯತ್ಯಾಸವನ್ನು ತಂದೆಯವರು ನಮಗಿಂತ ಮೊದಲೇ ಬಲ್ಲವರಾಗಿದ್ದರು: “ಕೈ ಏಳತೈತಿ ಖರೆ, ಆದ್ರ ಹೆಗಲ ಮ್ಯಾಲ ಹೊತ್ತು ಎತ್ತಿದಂಗ ಆಗತೈತಿ” ಎಂದು ಹಿಂದೆ ಎರಡು ಬಾರಿ ಹೇಳಿದ್ದರು. ಅಂಕ ಏರುತ್ತಿದ್ದುದರಿಂದ ನಾವು ಆ ಮಾತಿಗೆ ಕಿವಿಗೊಡಲಿಲ್ಲ. ಅದಕ್ಕಾಗಿ ಇಂದಿಗೂ ನನಗೆ ನೋವಿದೆ.

ಅದೇ ದಿನ, ಪಾರ್ಶ್ವವಾಯುವಿನ ನಂತರದ ಚೇತರಿಕೆಯನ್ನು ಅಳೆಯುವ ಫುಗ್ಲ್-ಮೇಯರ್ ಪರೀಕ್ಷೆಯೂ ನಡೆಯಿತು. 1975ರಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ ಈ ಪರೀಕ್ಷೆಯಲ್ಲಿ ಕೈಯ ಭಾಗಕ್ಕೆ ಒಟ್ಟು 66 ಅಂಕಗಳಿವೆ; ಪ್ರತಿಯೊಂದು ಚಲನೆಗೂ ಸೊನ್ನೆ, ಒಂದು ಅಥವಾ ಎರಡು. ಭುಜ ಎತ್ತಿದರೆ ಮೊಣಕೈ ತಾನಾಗಿ ಮಡಚಿಕೊಳ್ಳುವ ಕಟ್ಟಿನಿಂದ ಕೈ ಎಷ್ಟು ಬಿಡಿಸಿಕೊಂಡಿದೆ ಎಂಬುದನ್ನು ಇದು ನೇರವಾಗಿ ನೋಡುತ್ತದೆ. ತಂದೆಯವರ ಅಂಕ ಐದು ತಿಂಗಳಲ್ಲಿ 27ರಿಂದ 29ಕ್ಕೆ ಮಾತ್ರ ಬಂದಿತ್ತು. ಅಂದಿನಿಂದ ನಾವು ವಾರಕ್ಕೊಮ್ಮೆ ಪಕ್ಕದಿಂದ ಫೋನಿನಲ್ಲಿ ವಿಡಿಯೊ ತೆಗೆಯುತ್ತೇವೆ: ಅದೇ ಕುರ್ಚಿ, ಅದೇ ಲೋಟ, ಮೇಜಿನ ಮೇಲೆ ಸೀಮೆಸುಣ್ಣದ ಗುರುತು, ಹಿಂದಿನ ಗೋಡೆಯ ಮೇಲೆ ಒಂದು ನೇರ ಗೆರೆ. ಬೆನ್ನು ಗೆರೆ ಬಿಟ್ಟರೆ ಆ ವಾರದ ನಯದ ಅಂಕವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಟ್ಟೆ ಕಟ್ಟಿಕೊಂಡು ಅಭ್ಯಾಸ ಮಾಡಿದ ಮೇಲೆ ಫುಗ್ಲ್-ಮೇಯರ್ ಅಂಕ ಈಗ 38 ಆಗಿದೆ.

ಹತ್ತನೆಯ ತಿಂಗಳಲ್ಲಿ ತಂದೆಯವರು ಮತ್ತೆ ಮಗ್ಗಕ್ಕೆ ಇಳಿದರು. ಬಲಗೈಯಿಂದ ಲಾಳಿಯ ಹಗ್ಗ ಎಳೆಯುವುದು, ಎಡಗೈಯನ್ನು ಬಡಿಯುವ ಹಲಗೆಯ ಮೇಲಿಡುವುದು. ಆ ದಿನ ಎಡಗೈಯ ಚಟುವಟಿಕೆ ಹಿಂದೆಂದೂ ಇಲ್ಲದಷ್ಟು ದಾಖಲಾಯಿತು. ವಾಸ್ತವವಾಗಿ ಕೈ ಹಲಗೆಯನ್ನು ಆಡಿಸಿದ್ದಕ್ಕಿಂತ ಹಲಗೆಯೇ ಕೈಯನ್ನು ಆಡಿಸಿದ್ದೇ ಹೆಚ್ಚು. ಬಸ್ಸಿನ ಕುಲುಕಾಟವನ್ನೂ ನಡಿಗೆಯ ತೋಳಾಟವನ್ನೂ ಪಟ್ಟಿ ಹೀಗೆಯೇ ಚಟುವಟಿಕೆಯೆಂದು ಎಣಿಸುತ್ತದೆ. ಇದಕ್ಕೆ ವಿರುದ್ಧವಾದದ್ದು ಎರಡು ತಿಂಗಳ ನಂತರ ನಡೆಯಿತು. ಸೀರೆಯ ಒಡಲಿನ ಹಾಸು ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕುಣಿಕೆ ಹಾಕಿ ಜೋಡಿಸುವ ತೆನಿಯ ಕೆಲಸಕ್ಕೆ ಕುಳಿತ ತಂದೆಯವರು, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಎಳೆಯೊಂದನ್ನು ಹಿಡಿದು ನಿಲ್ಲಿಸಿದರು. ಬೆರಳ ತುದಿಯ ಹಿಡಿತ ಅವರಲ್ಲಿ ಮರಳಿ ಬಂದದ್ದು ಅಂದು. ತಾಯಿಯವರು ಅತ್ತುಬಿಟ್ಟರು. ಮಣಿಕಟ್ಟು ಕದಲದೆ ಬೆರಳಷ್ಟೇ ಕೆಲಸ ಮಾಡಿದ್ದರಿಂದ, ಆ್ಯಪ್ ಆ ದಿನವನ್ನು ಇಡೀ ತಿಂಗಳಲ್ಲೇ ಅತ್ಯಂತ ಕಡಿಮೆ ಚಟುವಟಿಕೆಯ ದಿನವೆಂದು ತೋರಿಸಿ, ಹೆಚ್ಚು ಪ್ರಯತ್ನಿಸಿ ಎಂದು ಎಚ್ಚರಿಸಿತು. ಬೆರಳ ಹಿಡಿತವನ್ನು ಅಳೆಯಲು, ವಸ್ತುಗಳನ್ನು ಹಿಡಿದು ಎತ್ತಿಸಿ ನೋಡುವ 57 ಅಂಕಗಳ ಆ್ಯಕ್ಷನ್ ರಿಸರ್ಚ್ ಆರ್ಮ್ ಪರೀಕ್ಷೆಯಂಥದ್ದೇ ಬೇಕು. ಕೆಲಸ ಮುಗಿದರೂ ತೀರ ತಡವಾದರೆ ಅಥವಾ ಬಹಳ ಕಷ್ಟಪಟ್ಟು ಮುಗಿದರೆ ಅಲ್ಲಿ ಪೂರ್ಣ ಅಂಕ ಸಿಗುವುದಿಲ್ಲ.

ದಿನಬಳಕೆಯ ತೊಂದರೆಗಳಲ್ಲಿ ದೊಡ್ಡದು ಕೊಂಡಿಯದು. ಬಲಗೈಯ ಪಟ್ಟಿಯನ್ನು ದುರ್ಬಲವಾದ ಎಡಗೈಯಿಂದಲೇ ಹಾಕಿಕೊಳ್ಳಬೇಕು. ಇಂಥ ರೋಗಿಗಳಿಗಾಗಿಯೇ ಮಾಡಿದ ಸಾಧನದಲ್ಲಿ ಇದನ್ನು ಯೋಚಿಸದಿರುವುದು ಸರಿಯಲ್ಲ. ಎರಡೂ ಪಟ್ಟಿಗಳು ಒಂದೇ ಬಣ್ಣದವು. ಒಂದು ವಾರ ಅದಲುಬದಲಾಗಿ ಎಡಗೈಯೇ ಬಲವಾದಂತೆ ಗ್ರಾಫ್ ಬಂದಿತು. ಅದನ್ನು ತಿದ್ದಿಕೊಡಲು ಸಾಧ್ಯವಿಲ್ಲವೆಂದು ಕಂಪನಿಯಿಂದ ಉತ್ತರ ಬಂದ ಮೇಲೆ ಎಡಗೈಯದಕ್ಕೆ ಕೆಂಪು ರೇಷ್ಮೆ ಎಳೆ ಸುತ್ತಿದ್ದೇವೆ. ಆ್ಯಪ್‌ನಲ್ಲಿ ಕನ್ನಡವಿಲ್ಲ. ಮೂರು ದಿನ ಬರುತ್ತಿದ್ದ ಬ್ಯಾಟರಿ ಈಗ ಒಂದೂವರೆ ದಿನ ಬರುತ್ತದೆ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಕೈ ಸ್ವಲ್ಪವಾದರೂ ಎದ್ದಿದ್ದು, ಮನೆಯಲ್ಲಿ ಅದರ ಬಳಕೆ ಮರೆತಿರುವವರು ಮೊದಲ ಆರು ತಿಂಗಳಿಗೆ ಇದನ್ನು ಕೊಳ್ಳಬಹುದು. ಥೆರಪಿಸ್ಟರ ಭೇಟಿ ತಪ್ಪಿಸುವ ಉದ್ದೇಶದಿಂದ ಯಾರೂ ಕೊಳ್ಳಬಾರದು. ಎರಡನೆಯ ವರ್ಷದ ಚಂದಾ ಮುಗಿದ ಮೇಲೆ ನಾವು ನವೀಕರಿಸುವುದಿಲ್ಲ. ಆ ಹಣದಲ್ಲಿ ಬಾಗಲಕೋಟೆಗೆ ತಿಂಗಳಿಗೆ ಒಂದು ಬಾರಿ ಹೋಗುತ್ತಿದ್ದುದನ್ನು ಎರಡು ಬಾರಿ ಮಾಡಲು ನಿರ್ಧರಿಸಿದ್ದೇವೆ, ಗೋಡೆಯ ಗೆರೆಯ ಮುಂದಿನ ವಿಡಿಯೊ ಮುಂದುವರಿಯುತ್ತದೆ.